ಹದಿನೇಳನೇ ಪಿನ್ನಿನ ಮೇಲೆ ಎರಡು ಕೈ

ವಿಕ್ರೋಳಿ
3 ಮಾರ್ಚ್ 2025, ಸೋಮವಾರ

ಪರೇಲ್ ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನಲ್ಲಿ ಬಿಡಾರ ಹೂಡಿರುವ, ರೋಗಿಗಳ ಮೇಲೆ ಕಣ್ಣಿಡುವ ನಮ್ಮ ಕಂಪನಿಯ ಎಂಟು ಮಾನಿಟರುಗಳ ಏಕಮಾತ್ರ ಪಾಲಕರಾದ ಶಿವಕುಮಾರಿಯವರ ಸನ್ನಿಧಿಗೆ,

ಮುಲುಂಡ್ ನಿವಾಸಿ, ವಯಸ್ಸು ಇಪ್ಪತ್ತನಾಲ್ಕು, ಸದರಿ ಮಾನಿಟರುಗಳ ಪರದೆಯನ್ನು ನಡೆಸುವ ಡ್ರೈವರ್ ಎಂಬ ಕೋಡ್ ಬರೆದ ತಿಲಕ್ ಎಂಬ ನಾನು ಸ್ವಸಂತೋಷದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಬರೆದುಕೊಡುವ ಪತ್ರವೇನೆಂದರೆ:

ನೀವು ಟಿಕೆಟ್‌ನಲ್ಲಿ ಕೇಳಿದ ಪ್ರಶ್ನೆಗೆ ಅಲ್ಲೇ ಇಂಗ್ಲಿಷಿನಲ್ಲಿ ಒಂದು ಸಾಲಿನ ಉತ್ತರ ಹಾಕಿದ್ದೇನೆ. ಆದರೆ ಟಿಕೆಟ್ ಎಂಬುದು ಇಡೀ ಆಫೀಸು ಓದುವ ದೂರಿನ ಪುಸ್ತಕ. ಅದರ ಮೇಲೆ ಸದಾ ಕಾಶಿನಾಥ ಸರ್ ಕಣ್ಣಿರುತ್ತದೆ. ಟೀಮಿನ ಯಜಮಾನರ ಎದುರು ನಗುವಂತಿಲ್ಲ. ಆದ್ದರಿಂದ ಈ ಖಾಸಗಿ ಮೇಲ್, ನಿಮ್ಮ ಮನೆಯ ಮೊದಲ ಮತ್ತು ನಮ್ಮ ಮನೆಯ ಎರಡನೇ ಭಾಷೆಯಲ್ಲಿ.

ಆಸ್ತಿಯ ವಿವರ: ಮಾನಿಟರಿನ ಒಳಗಿನ ಬೋರ್ಡಿನ ಮೇಲೆ ಒಂದು ಪಿನ್ನು, ಸಂಖ್ಯೆ ಹದಿನೇಳು. ಚೆಕ್ಕುಬಂದಿ: ಪೂರ್ವಕ್ಕೆ ಹದಿನಾರನೇ ಪಿನ್ನು, ಪಶ್ಚಿಮಕ್ಕೆ ಹದಿನೆಂಟನೆಯದು, ಉತ್ತರಕ್ಕೆ ನನ್ನ ಪರದೆಯ ಹಿಂದಿನ ದೀಪ, ದಕ್ಷಿಣಕ್ಕೆ ನಿಮ್ಮ ಅಲಾರಂ ಸ್ಪೀಕರಿನ ಆಂಪ್ಲಿಫೈಯರ್. ಪಿನ್ನು ಮೇಲೆದ್ದರೆ ಇಬ್ಬರಿಗೂ ಕರೆಂಟು, ಇಳಿದರೆ ಇಬ್ಬರಿಗೂ ಇಲ್ಲ. ಬೋರ್ಡ್ ಬಿಡಿಸಿದ ಮಹನೀಯರು ಜಾಗ ಉಳಿಸಿದ ರೀತಿ ಇದು. ಎಲ್ಲ ಡ್ರೈವರುಗಳ ಮೇಲಧಿಕಾರಿಯಾದ ಕರ್ನಲ್‌ನ ಕಾನೂನಿನ ಪ್ರಕಾರ ಒಂದು ಪಿನ್ನಿಗೆ ಒಬ್ಬನೇ ಯಜಮಾನ. ಮೊದಲು ಬಂದ ಡ್ರೈವರಿಗೆ ಅದನ್ನು ಕೊಟ್ಟು, ಎರಡನೆಯವರ ಮುಖದ ಮೇಲೆ 'ಖಾಲಿ ಇಲ್ಲ' ಎಂದು ಬಾಗಿಲು ಹಾಕುತ್ತದೆ. ಡಿಸೆಂಬರಿನಲ್ಲಿ ನಿಮ್ಮ ಅಲಾರಂ ಡ್ರೈವರನ್ನು ಹೀಗೆ ಹೊರಗೆ ನಿಲ್ಲಿಸಿದಾಗ ನಾವಿಬ್ಬರೂ ಸೇರಿ 'ಹಂಚಿಕೊಳ್ಳುತ್ತೇವೆ' ಎಂಬ ಗುರುತು ಹಾಕಿ ಅದರ ಬಾಯಿ ಮುಚ್ಚಿಸಿದೆವು. ಅಂದಿನಿಂದ ಕರ್ನಲ್ ಆ ಪಿನ್ನಿನ ಕಡೆ ಬೆನ್ನು ಹಾಕಿ ಕೂತಿದೆ. ಒಂದೇ ಸ್ವಿಚ್ಚಿನ ಮೇಲೆ ನಮ್ಮಿಬ್ಬರ ಕೈ. ಪರಸ್ಪರ ವಿಶ್ವಾಸವೇ ಬಂಡವಾಳ.

ನಿಮ್ಮ ಪ್ರಶ್ನೆ: ಪರದೆ ಮಲಗುವಾಗ ನನ್ನ ಡ್ರೈವರ್ ಪಿನ್ನನ್ನು ಕೆಳಗಿಳಿಸುತ್ತದೆಯೇ? ಉತ್ತರ: ಇಲ್ಲ. ಆ ಸಾಲನ್ನು ಜನವರಿಯಲ್ಲೇ ಕಿತ್ತಿದ್ದೇನೆ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಕಪ್ಪು ಬಣ್ಣ ಬಳಿದುಕೊಂಡು ಮಲಗಿದಂತೆ ನಟಿಸುತ್ತದೆ. ಅದರ ಹಿಂದೆ ದೀಪ ಉರಿಯುತ್ತಲೇ ಇರುತ್ತದೆ.

ಸ್ಪೀಕರ್ ಮೌನ ತಾಳಿದ್ದರೆ ಅದು ಅದರ ಸ್ವಂತ ಆಧ್ಯಾತ್ಮಿಕ ಬೆಳವಣಿಗೆ.

ಇಂತಿ,
ಪಿನ್ನಿನ ಅರ್ಧ ಪಾಲುದಾರ,
ತಿಲಕ್


ಪರೇಲ್
4 ಮಾರ್ಚ್ 2025

ತಿಲಕ್,

ಚೆಕ್ಕುಬಂದಿ ಓದಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿತು. ಮುಂದಿನ ಸಲ ಉತ್ತರ ಮೊದಲು, ಆಸ್ತಿ ಆಮೇಲೆ.

ಇಲ್ಲಿ ಆಗಿದ್ದು ಇಷ್ಟು. ನಿನ್ನೆ ಎರಡನೇ ಹಾಸಿಗೆಯ ಮುದುಕಿಗೆ ಆಮ್ಲಜನಕ ಇಳಿಯಿತು. ಪಕ್ಕದಲ್ಲಿದ್ದ ಆಸ್ಪತ್ರೆಯ ಹಳೇ ಮಾನಿಟರ್ ಬೊಬ್ಬೆ ಹಾಕಿತು. ನಮ್ಮದು ಪರದೆಯ ಮೇಲೆ ಕೆಂಪು ಅಂಕಿ ತೋರಿಸುತ್ತ, ಬಾಯಲ್ಲಿ ಬೆರಳಿಟ್ಟುಕೊಂಡ ಹಾಗೆ ಸುಮ್ಮನೆ ಕೂತಿತ್ತು. ಹಳೆಯದು ಇದ್ದುದರಿಂದ ಮುದುಕಿಗೆ ಏನೂ ಆಗಲಿಲ್ಲ. ಪರೀಕ್ಷೆಯ ಅವಧಿ ಅಂತ ಎರಡೂ ಜೊತೆಗಿವೆ. ನಮ್ಮದು ಪಾಸಾದರೆ ಮೂವತ್ತೊಂದಕ್ಕೆ ಹಳೆಯವನ್ನು ಒಯ್ಯುತ್ತಾರೆ. ಆಮೇಲೆ ಬೊಬ್ಬೆ ಹಾಕಲು ಇನ್ನೊಂದು ಇರುವುದಿಲ್ಲ.

ಮೂವತ್ತೊಂದಕ್ಕೆ ನನ್ನ ಕಾಂಟ್ರಾಕ್ಟೂ ಮುಗಿಯುತ್ತದೆ ಅನ್ನೋದು ನಿನಗೆ ಗೊತ್ತಿರಲಿಕ್ಕಿಲ್ಲ. ನೀನು ಪರ್ಮನೆಂಟ್. ಕಾಶಿನಾಥ ಸರ್ ಫೋನಿನಲ್ಲಿ ಅಂದದ್ದು: "ದೇಖೋ ಶಿವಕುಮಾರಿ, ಆವಾಜ್ ನಹೀ ಆಯಾ ತೋ ಆವಾಜ್‌ವಾಲೇ ಕೋ ಹೀ ಪೂಛೇಂಗೆ ನಾ." ಸದ್ದು ಬರದಿದ್ದರೆ ಸದ್ದಿನವಳನ್ನೇ ಕೇಳುವುದಂತೆ. ಅಲಾರಂ ಡ್ರೈವರ್ ನನ್ನದು. ಅಲಾರಂ ಕೂಗಲಿಲ್ಲ. ಅವರ ಲೆಕ್ಕ ಅಲ್ಲಿಗೆ ಮುಗಿಯಿತು.

ನಾನು ಕೂಡಲೇ ಪಿನ್ ನೋಡಿದೆ. ಮೇಲೆಯೇ ಇತ್ತು. ಆಂಪ್ಲಿಫೈಯರಿಗೆ ಕರೆಂಟು ಇದೆ, ನನ್ನ ಡ್ರೈವರ್ ಕಳಿಸುವ ಧ್ವನಿ ಹೋಗುತ್ತಿದೆ, ಸ್ಪೀಕರಿನಿಂದ ಉಸಿರಿಲ್ಲ. ಮಾನಿಟರ್ ಆರಿಸಿ ಹಚ್ಚಿದರೆ ಸರಿಯಾಯಿತು.

ನೀನು ಒಮ್ಮೆ ಬಂದು ನೋಡು. ಇಬ್ಬರ ಕೈ ಇರುವ ಪಿನ್ನನ್ನು ಒಬ್ಬಳೇ ಎಷ್ಟಂತ ಕಾಯಲಿ.

ಶಿವಕುಮಾರಿ


ವಿಕ್ರೋಳಿ
6 ಮಾರ್ಚ್ 2025

ಮಾನ್ಯರೇ,

ಸ್ಪೀಕರಿನ ಮೌನವ್ರತದ ವಾರ್ತೆ ಕೇಳಿ ಪರದೆ ವಿಭಾಗದಲ್ಲಿ ಎರಡು ನಿಮಿಷ ಮೌನ ಆಚರಿಸಲಾಯಿತು. ಪರದೆ ವಿಭಾಗ ಎಂದರೆ ನಾನೊಬ್ಬನೇ. ಎರಡು ನಿಮಿಷದ ಬಳಿಕ ಕಾಶಿನಾಥ ಸರ್ ಬಂದು, "ಸೋ ರಹಾ ಹೈ ಕ್ಯಾ?" ಎಂದು ನನ್ನ ನಿದ್ದೆಯ ಬಗ್ಗೆ ವಿಚಾರಿಸಿದ್ದರಿಂದ ಸಂತಾಪ ಸಭೆ ಅಲ್ಲಿಗೇ ಬರ್ಖಾಸ್ತಾಯಿತು.

ನಾನು ಬರುವ ವಿಷಯ. ಈ ವಾರ ಹೊಸ ಪರದೆಯ ಬಣ್ಣ ಹೊಂದಿಸುವ ಮಹಾಯಾಗ ನಡೆದಿದೆ. ಮೇಲಾಗಿ ಬೆಳಗಿನ ಸ್ಲೋ ಲೋಕಲ್ ರೈಲಿನಲ್ಲಿ ವಿಕ್ರೋಳಿಯಿಂದ ಪರೇಲ್ ಕಡೆಗೆ ಹತ್ತಲು ಬೇಕಾದ ಮೈಕಟ್ಟು ನನ್ನಲ್ಲಿಲ್ಲ.

ಆದರೂ ವಿದ್ವತ್ ಅಭಿಪ್ರಾಯ ಕೊಡುತ್ತೇನೆ. ಪಿನ್ನು ಮೇಲಿದೆ, ಕರೆಂಟು ಇದೆ, ಧ್ವನಿ ಇಲ್ಲ. ಹಾಗಾದರೆ ಅಪರಾಧಿ ಪಿನ್ನಲ್ಲ, ಪಿನ್ನಿನ ಆಚೆಗಿನವನು. ಬೆಸುಗೆ ಬಿಟ್ಟಿರಬಹುದು. ಸ್ಪೀಕರ್ ಬದಲಿಸಿ ನೋಡಿ. ನನ್ನ ಅರ್ಧ ಪಾಲಿನ ಮೇಲೆ ಯಾವ ಕಲೆಯೂ ಇಲ್ಲವೆಂದು ದೇವರಾಣೆ ಇಟ್ಟು ಹೇಳಬಲ್ಲೆ, ಯಾವ ದೇವರು ಎಂದು ನೀವೇ ಆರಿಸಬಹುದು.

ನಿಷ್ಕಳಂಕ,
ತಿಲಕ್


ಪರೇಲ್
10 ಮಾರ್ಚ್ 2025

ತಿಲಕ್,

ಸ್ಪೀಕರ್ ಬದಲಿಸಿದೆ. ಬೆಸುಗೆ ನೋಡಿಸಿದೆ. ಎರಡನೇ ಹಾಸಿಗೆಯ ಬೋರ್ಡನ್ನು ಐದಕ್ಕೆ, ಐದರದನ್ನು ಎರಡಕ್ಕೆ ಹಾಕಿದೆ. ನಾಲ್ಕು ದಿನದಲ್ಲಿ ಮತ್ತೆ ಮೂರು ಸಲ ಮೂಕಾಯಿತು, ಮೂರೂ ಬೇರೆ ಬೇರೆ ಮಾನಿಟರು. ಪ್ರತಿ ಸಲವೂ ಪಿನ್ ಮೇಲೆಯೇ ಇದೆ. ನನ್ನ ಕೋಡನ್ನು ಮೊದಲಿನಿಂದ ಕೊನೆತನಕ ಆರು ಸಲ ಓದಿದ್ದೇನೆ. ಈಗ ಕಣ್ಣು ಮುಚ್ಚಿದರೂ ಅದೇ ಕಾಣುತ್ತದೆ, ಮತ್ತು ಕಣ್ಣು ಮುಚ್ಚಿದಾಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಒಂದು ಮಾತ್ರ ಗೊತ್ತಾಗಿದೆ. ಯಾರೂ ಬಹಳ ಹೊತ್ತು ಮುಟ್ಟದ ಮಾನಿಟರೇ ಮೂಕಾಗುತ್ತದೆ. ಯಾಕೆ ಅಂತ ತಿಳಿಯದು.

ಅಲಾರಂ ಮೇಲೆ ನಂಬಿಕೆ ಹೋಗಿ ಶೀಲಾವತಿ ಸಿಸ್ಟರ್ ಹಾಸಿಗೆಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಕಲಬುರಗಿ ಕಡೆಯವರು. ಇವತ್ತು ನನ್ನನ್ನು ಕರೆದು, "ಬಾಯಾರ, ನಿಮ್ಮ ಡಬ್ಬಿ ನನಗ ಕಣ್ಣ ಹೊಡೀತದ ನೋಡ್ರಿ," ಅಂದರು.

"ಏನ್ರಿ ಸಿಸ್ಟರ್?"

"ಹೂಂನ್ರಿ. ಎರಡ ಸಲ. ಪಟ್ ಪಟ್ ಅಂತ. ಆಮ್ಯಾಲ ಮಕ್ಕೊಂತದ. ಇಪ್ಪತ್ತೆರಡ ವರ್ಷ ಆತು ಈ ಕೆಲಸಕ್ಕ ಬಂದು, ಯಾವ ಮಶೀನೂ ನನ್ನ ಜೋಡಿ ಹಿಂಗ ಮಾಡಿದ್ದಿಲ್ಲ."

ನಾನು, ಸಿಸ್ಟರ್ ನೀವು ಎರಡು ಡ್ಯೂಟಿ ಒಟ್ಟಿಗೆ ಮಾಡೋದು ಬಿಡ್ರಿ, ಮೊದಲು ಮನೆಗೆ ಹೋಗಿ ನಿದ್ದೆ ಮಾಡ್ರಿ ಅಂದೆ. ಈ ವಾರ್ಡಿನಲ್ಲಿ ನಗಲು ಸಿಕ್ಕ ಸಂಗತಿ ಇದೊಂದೇ. ನಿನಗೂ ಇರಲಿ ಅಂತ ಬರೆದೆ.

ನಗು ಮುಗಿದ ಮೇಲೆ ಯೋಚಿಸಿ ಏನಾದರೂ ಹೇಳು.

ಶಿವಕುಮಾರಿ


ಪರೇಲ್
13 ಮಾರ್ಚ್ 2025

ತಿಲಕ್,

ಮೂರು ದಿನದಿಂದ ನಿನ್ನಿಂದ ಒಂದು ಅಕ್ಷರ ಇಲ್ಲ. ಚೆಕ್ಕುಬಂದಿ ಬರೆಯಲು ಪುರುಸೊತ್ತಿದ್ದವನಿಗೆ 'ಓದಿದೆ' ಅಂತ ಬರೆಯಲು ಇಲ್ಲವೇ? ಹೋಳಿ ನಾಳೆ. ಇವತ್ತೇ ಕೀಬೋರ್ಡಿನಲ್ಲಿ ಬಣ್ಣ ಸೇರಿತೇ?

ಇಂದು ಆರನೇ ಹಾಸಿಗೆ ಮೂಕಾಯಿತು.

ಶಿ.


ವಿಕ್ರೋಳಿ
17 ಮಾರ್ಚ್ 2025, ಸೋಮವಾರ

ಗೌರವಾನ್ವಿತ ಶಿವಕುಮಾರಿಯವರಿಗೆ ಸಾಷ್ಟಾಂಗ ಪ್ರಣಾಮಗಳು.

ತಡವಾದುದಕ್ಕೆ ಕ್ಷಮೆ ಇರಲಿ. ಹೋಳಿಯ ಬಣ್ಣದಿಂದ ಶರೀರಕ್ಕೆ ಅಸೌಖ್ಯವಾಗಿತ್ತು. ಈಗ ಬಹುಪಾಲು ಗುಣವಾಗಿ ಎಡಗಿವಿ ಮಾತ್ರ ನೇರಳೆಯಾಗಿ ಉಳಿದಿದೆ.

ಪರದೆಯ ಡ್ರೈವರಿನ ಹೊಸ ಆವೃತ್ತಿಯನ್ನು ಇಂದು ಬೆಳಿಗ್ಗೆ ಕಳಿಸಿದ್ದೇನೆ. ವಿಶೇಷವೇನೂ ಇಲ್ಲ. ಸಣ್ಣ ಶುದ್ಧೀಕರಣ, ಬಣ್ಣಗಳ ಕೆಲಸ ಮಾಡುವಾಗ ಕಣ್ಣಿಗೆ ಬಿದ್ದ ಕಸ ಗುಡಿಸಿದ್ದು. ಎಂಟೂ ಮಾನಿಟರುಗಳಿಗೆ ಇಂದೇ ಹಾಕಿಬಿಡಿ. ನಿಮ್ಮ ಸಮಸ್ಯೆಗೂ ಇದಕ್ಕೂ ಸಂಬಂಧವಿರಲಾರದು. ಆದರೂ ಇಂದೇ ಹಾಕಿದರೆ ಒಳ್ಳೆಯದು.

ಇನ್ನೊಂದು. ಸಿಸ್ಟರ್ ಹೇಳಿದ ಮಾತನ್ನು ಟಿಕೆಟ್‌ನಲ್ಲಿ ಬರೆಯುವ ಅಗತ್ಯವಿಲ್ಲ ಎಂದು ನನ್ನ ನಮ್ರ ಅಭಿಪ್ರಾಯ. ಆಫೀಸಿನವರು ನಗುತ್ತಾರೆ. ಹಿರಿಯರ ಮಾನದ ಪ್ರಶ್ನೆ.

ವಂದನೆಗಳೊಂದಿಗೆ,
ತಿಲಕ್


ಪರೇಲ್
21 ಮಾರ್ಚ್ 2025, ಶುಕ್ರವಾರ

ತಿಲಕ್,

ಸೋಮವಾರ ಸಂಜೆ ನಿನ್ನ ಆವೃತ್ತಿ ಹಾಕಿದೆ. ನಾಲ್ಕು ದಿನ ಆಯಿತು. ಎಂಟೂ ಮಾನಿಟರುಗಳು ಕೂಗಬೇಕಾದಾಗ ಕೂಗುತ್ತಿವೆ.

ಕಾಶಿನಾಥ ಸರ್ ನಿನ್ನೆ ಟಿಕೆಟ್ ಮುಚ್ಚಿದರು. ನೀನೂ ನೋಡಿರುತ್ತೀಯ. 'ಅಲಾರಂ ಡ್ರೈವರಿನ ದೋಷ, ಕಾರಣ ತಿಳಿಯಲಿಲ್ಲ, ತಾನಾಗಿ ಹೋಯಿತು.' ಆಮೇಲೆ ನನಗೆ ಫೋನ್ ಮಾಡಿ ಬಹಳ ಮೆದುವಾಗಿ ಮಾತಾಡಿದರು. ಅವರು ಮೆದುವಾದರೆ ವಿಷಯ ಕೆಟ್ಟಿದೆ ಅಂತಲೇ ಅರ್ಥ. ಕಾರಣ ತಿಳಿಯದೆ ಬಂದ ದೋಷ ಕಾರಣ ತಿಳಿಯದೆ ಮತ್ತೆ ಬರಬಹುದಂತೆ. ಅಂಥ ಕೋಡ್ ಬರೆದವರನ್ನು ಆಸ್ಪತ್ರೆಯ ಕೆಲಸದಲ್ಲಿ ಇಟ್ಟುಕೊಂಡರೆ ನಾಳೆ ಅವರನ್ನು ಕೇಳುತ್ತಾರಂತೆ. ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ. ಎರಡು ವಾರದಿಂದ ನನಗೆ ನನ್ನ ಮೇಲೇ ಅನುಮಾನ. ಮನೆಗೆ ಹೋಗಿ ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಮೂರು ಸಲ ಎದ್ದು ನೋಡುವ ಹಾಗಾಗಿದೆ.

ಇದನ್ನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಇವತ್ತು ಶೀಲಾವತಿ ಸಿಸ್ಟರ್ ಬಂದು ಕೇಳಿದರು: "ಬಾಯಾರ, ಸೋಮವಾರದಿಂದ ಡಬ್ಬಿ ಕಣ್ಣ ಹೊಡಿಯೂದ ಬಿಟ್ಟದ. ಯಾಕ, ಬೈದ್ರೇನು ಅದಕ್ಕ?"

ಅವರು ಹೇಳಿದಾಗ ನಾನು ನಕ್ಕಿದ್ದೆ. ಈ ಎರಡು ವಾರದಲ್ಲಿ ನಾನು ಮಾಡಿದ ತಪ್ಪು ಅದೊಂದೇ ಅಂತ ಈಗ ಅನಿಸುತ್ತಿದೆ. ಅವರ ಕ್ಷಮೆ ಕೇಳಿದೆ.

ನಿನ್ನ ಹಳೇ ಆವೃತ್ತಿ ನನ್ನ ಲ್ಯಾಪ್‌ಟಾಪಿನಲ್ಲಿದೆ. ಹೊಸದೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಗುಡಿಸಿದ್ದೀಯ ಅಂತ ನೋಡಲು ಅರ್ಧ ನಿಮಿಷ ಸಾಕು. ನಾನು ತೆರೆದಿಲ್ಲ. ಸೋಮವಾರದ ತನಕ ತೆರೆಯುವುದಿಲ್ಲ.

ಶಿವಕುಮಾರಿ


ಮುಲುಂಡ್
23 ಮಾರ್ಚ್ 2025, ಭಾನುವಾರ

ಶಿವಕುಮಾರಿಯವರೇ,

ನೀವು ತೆರೆಯಬೇಕಿಲ್ಲ. ಹೇಳುತ್ತೇನೆ.

ಜನವರಿಯಲ್ಲಿ ಕಾಶಿನಾಥ ಸರ್ ದಿನಾ ನನ್ನ ಪರದೆಯ ಮುಂದೆ ಕೂತು, ಕೈ ಕಟ್ಟಿಕೊಂಡು ಅದನ್ನೇ ದಿಟ್ಟಿಸುತ್ತಿದ್ದರು. ಹತ್ತು ನಿಮಿಷಕ್ಕೆ ಸರಿಯಾಗಿ ಮಲಗುತ್ತದೋ ಇಲ್ಲವೋ ಎಂದು. ಆಗ ನಾನು ನಾಲ್ಕು ಸಾಲು ಬರೆದೆ. ಪರದೆ ಮಲಗುವ ಮುಂಚೆ ಪಿನ್ನನ್ನು ಕ್ಷಣಕಾಲ ಇಳಿಸಿ ಎತ್ತುವುದು, ಮತ್ತೊಮ್ಮೆ ಇಳಿಸಿ ಎತ್ತುವುದು. ದೀಪ ಎರಡು ಸಲ ಆರಿ ಹತ್ತುತ್ತದೆ. ಮಾನಿಟರ್ ಅವರಿಗೆ ಕಣ್ಣು ಹೊಡೆಯಿತು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಇನ್ನೂ ಹತ್ತು ನಿಮಿಷ ಕೂತರು. ಮತ್ತೆ ಹೊಡೆಯಿತು. ನಮ್ಮ ಸಾಲಿನವರೆಲ್ಲ ನಗು ತಡೆಯಲಾರದೆ ಮೇಜಿನ ಕೆಳಗೆ. ಈ ವರ್ಷ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ ಎಂದುಕೊಂಡಿದ್ದೆ.

ತೆಗೆಯಬೇಕಿತ್ತು. ಮರೆತೆ. ಮೂರನೇ ತಾರೀಕು ನಿಮಗೆ ಉತ್ತರ ಬರೆದಾಗ ನಿಜಕ್ಕೂ ನೆನಪಿರಲಿಲ್ಲ. ಹತ್ತನೇ ತಾರೀಕು ಸಿಸ್ಟರ್ ಮಾತು ಓದಿದ ಕೂಡಲೇ ಎಲ್ಲ ತಿಳಿಯಿತು. ದೀಪಕ್ಕೆ ಕಣ್ಣು ಮಿಟುಕಿಸಿದರೆ ಏನೂ ಆಗುವುದಿಲ್ಲ. ನಿಮ್ಮ ಆಂಪ್ಲಿಫೈಯರ್ ಹಾಗಲ್ಲ. ಕ್ಷಣಕಾಲ ಕರೆಂಟು ಹೋದರೂ ನೀವು ಅದಕ್ಕೆ ಮೊದಲಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಮರೆತು, ಮತ್ತೆ ಯಾರಾದರೂ ಹೇಳಿಕೊಡುವ ತನಕ ಮೂಕವಾಗಿರುತ್ತದೆ. ನೀವು ಬಂದು ನೋಡುವಾಗ ಪಿನ್ನು ಮೇಲೆಯೇ ಇರುತ್ತದೆ.

ಆಮೇಲೆ ನಾನು ನನಗೇ ಹೇಳಿಕೊಂಡದ್ದು: ಸುಳ್ಳು ಹೇಳಲಿಲ್ಲವಲ್ಲ. ಮಲಗುವಾಗ ಇಳಿಸುತ್ತದೆಯೇ ಎಂದು ಕೇಳಿದರು, ಇಲ್ಲ ಎಂದೆ. ಕಣ್ಣು ಹೊಡೆಯುವಾಗ ಎಂದು ಅವರು ಕೇಳಲಿಲ್ಲ. ಒಂದು ವಾರ ಈ ವಾದವನ್ನು ಎಲ್ಲ ಕಡೆಯಿಂದಲೂ ಪಾಲಿಶ್ ಮಾಡಿದೆ. ಆ ವಾರದಲ್ಲೇ ಆರನೇ ಹಾಸಿಗೆ ಮೂಕಾಯಿತು. ನನಗೆ ಹೋಳಿಯ ಅಸೌಖ್ಯ ಇರಲಿಲ್ಲ.

ನಿನ್ನೆ ಅಪ್ಪ ಕೇಳಿದರು. ಅಪ್ಪ ಮೋನಪ್ಪ ಮಾಟುಂಗದ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ದೋಸೆ ಕಲ್ಲಿನ ಮುಂದೆ ನಿಂತವರು.

"ಎಂತದ್ದು ಮಾರಾಯ ನಿನ್ನ ಮುಖ? ಹತ್ತು ದಿನದಿಂದ ಹೀಗೇ ಉಂಟು."

ಎರಡು ಚಮಚ ಒಂದು ಲೋಟ ಇಟ್ಟು ವಿವರಿಸಿದೆ. ಅವರಿಗೆ ಲೋಟ ಸಾಕಾಯಿತು.

"ಇದು ನಮ್ಮ ಗ್ಯಾಸ್ ವಾಲಿನ ಕತೆ ಅಲ್ವಾ. ಒಂದೇ ಪೈಪು, ಎರಡು ಒಲೆ. ಈಚೆಯವ ವಾಲ್ ಮುಚ್ಚಿ ಕೂಡಲೇ ತೆರೆದ ಅಂತ ಇಟ್ಟುಕೋ. ನೋಡಿದ್ರೆ ವಾಲ್ ತೆರೆದೇ ಉಂಟು. ಆಚೆ ಒಲೆಯ ಬೆಂಕಿ ಮಾತ್ರ ಇಲ್ಲ. ಅದು ತನ್ನಷ್ಟಕ್ಕೇ ಹೊತ್ತಿಕೊಳ್ಳುವುದಿಲ್ಲ."

"ಹೌದು. ಅದೇ."

"ಅದಕ್ಕೇ ನಮ್ಮಲ್ಲಿ ವಾಲಿಗೆ ಕೈ ಹಾಕುವವ ಮೊದಲು ಕೂಗಬೇಕು. ಆಚೆ ಒಲೆಯವ ಹೂಂ ಅನ್ನದೆ ಮುಚ್ಚುವ ಹಾಗಿಲ್ಲ. ಮಾಲಕ ಬಂದು ಹೇಳಿದರೂ ಇಲ್ಲ. ಆಚೆಯವರು ಹೂಂ ಅಂದಿದ್ರಾ?"

"ನಾನು ಕೇಳಲೇ ಇಲ್ಲ."

"ಮತ್ತೆ ದೋಸೆ ಹಸಿ ಅಂತ ಬೈಗುಳ ಯಾರಿಗೆ ಹೋಯ್ತು?"

ಅಪ್ಪ ಲೋಟ ತೊಳೆದಿಟ್ಟು ಮಲಗಲು ಹೋದರು.

ಈ ಪತ್ರ ಕಳಿಸುವ ಮೊದಲೇ ಟಿಕೆಟ್ಟನ್ನು ಮತ್ತೆ ತೆರೆದಿದ್ದೇನೆ. ಇಂಗ್ಲಿಷಿನಲ್ಲಿ, ಎಲ್ಲರೂ ಓದುವಲ್ಲಿ, ಆ ನಾಲ್ಕು ಸಾಲುಗಳನ್ನೂ ನನ್ನ ಹೆಸರನ್ನೂ ಹಾಕಿದ್ದೇನೆ. ಯಾವ ದಿನ ಬರೆದೆ, ಯಾವ ದಿನ ತಿಳಿಯಿತು, ಯಾವ ದಿನ ಹೇಳದೆ ತೆಗೆದೆ ಎಂಬುದೂ ಇದೆ. ಅಲಾರಂ ಡ್ರೈವರಿನಲ್ಲಿ ದೋಷವಿರಲಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಉತ್ತರ ಮೊದಲು.

ಕಣ್ಣು ಹೊಡೆಯುವುದನ್ನು ತೆಗೆದರೆ ಸಾಲದು. ನಾಳೆ ನನ್ನ ಜಾಗಕ್ಕೆ ಬಂದವನು ಇನ್ನೇನೋ ಮಾಡಬಹುದು. ಆ 'ಹಂಚಿಕೊಳ್ಳುತ್ತೇವೆ' ಎಂಬ ಗುರುತನ್ನೇ ಕಿತ್ತು, ಇಬ್ಬರ ಕೈಯಿಂದಲೂ ಪಿನ್ನು ತಪ್ಪಿಸಿ, ನಡುವೆ ಒಬ್ಬ ಕಾವಲುಗಾರನನ್ನು ಬರೆದಿದ್ದೇನೆ. ಪಿನ್ನು ಅವನೊಬ್ಬನದು. ಬೇಕಾದವರು 'ಬೇಕು' ಎನ್ನಬೇಕು, ಮುಗಿದವರು 'ಸಾಕು' ಎನ್ನಬೇಕು. ಎಷ್ಟು ಜನಕ್ಕೆ ಬೇಕು ಎಂದು ಅವನು ಎಣಿಸುತ್ತಾನೆ. ಎಣಿಕೆ ಸೊನ್ನೆಯಾಗದೆ ಪಿನ್ನು ಇಳಿಯುವುದಿಲ್ಲ. ಕೋಡ್ ನಿಮಗೆ ಕಳಿಸಿದ್ದೇನೆ.

ನಾಳೆ ಕಾಶಿನಾಥ ಸರ್ ಕರೆಯುತ್ತಾರೆ. ಹೋಗುತ್ತೇನೆ.

ತಿಲಕ್


ಪರೇಲ್
29 ಮಾರ್ಚ್ 2025, ಶನಿವಾರ

ತಿಲಕ್,

ನಿನ್ನ ಪತ್ರ ಬಂದು ಆರು ದಿನ ಆಯಿತು. ಮೊದಲಿನ ಮೂರು ದಿನ ನಾನು ಬರೆದಿದ್ದರೆ ಕಳಿಸುವ ಹಾಗಿರುತ್ತಿರಲಿಲ್ಲ.

ಕಾಶಿನಾಥ ಸರ್ ಬುಧವಾರ ಇಲ್ಲಿಗೇ ಬಂದರು, ನಿನ್ನ ಟಿಕೆಟ್ ಪ್ರಿಂಟ್ ತೆಗೆದುಕೊಂಡು. ನರ್ಸುಗಳ ಮೇಜಿನ ಹತ್ತಿರ ನಿಂತು ಮತ್ತೊಮ್ಮೆ ಓದಿದರು. ಆಮೇಲೆ ಅವರು ಆಡಿದ ಮೊದಲ ಮಾತು: "ಮತಲಬ್ ಮೇರಾ ಚಶ್ಮಾ ಠೀಕ್ ಥಾ." ಸರಿಯಾಗಿಯೇ ಇದ್ದ ಕನ್ನಡಕಕ್ಕೆ ಜನವರಿಯಲ್ಲಿ ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹೊಸ ನಂಬರ್ ಮಾಡಿಸಿಕೊಂಡು ಬಂದಿದ್ದರಂತೆ. ಅದರಿಂದ ಈಗಲೂ ತಲೆ ನೋಯುತ್ತದಂತೆ. ನಿನ್ನನ್ನು ಅವರು ಕ್ಷಮಿಸುವುದು ಬಿಡುವುದು ಆ ಕನ್ನಡಕಕ್ಕೆ ಬಿಟ್ಟದ್ದು.

ನನ್ನ ಕಾಂಟ್ರಾಕ್ಟ್ ಒಂದು ವರ್ಷಕ್ಕೆ ಮುಂದುವರಿಯಿತು. ಇದಕ್ಕಾಗಿ ನಿನಗೆ ಉಪಕಾರ ಹೇಳುವುದಿಲ್ಲ. ಅದು ನನ್ನದೇ ಇತ್ತು, ನೀನು ತೆಗೆದಿದ್ದೆ, ತಿರುಗಿ ಇಟ್ಟೆ. ಇಡದೇ ಇರಬಹುದಿತ್ತು, ಅದೂ ಗೊತ್ತು. ಸದ್ಯಕ್ಕೆ ಅಷ್ಟೇ.

ನಿನಗೆ ಅವರು ಏನು ಹೇಳಿದರೋ ಕೇಳಿಲ್ಲ. ನನಗೆ ಹೇಳಿದ್ದು ಇದು: ಆರು ತಿಂಗಳು ನೀನು ನೇರವಾಗಿ ಯಾವ ಕೋಡನ್ನೂ ಮಾನಿಟರಿಗೆ ಕಳಿಸುವಂತಿಲ್ಲ. ಒಂದೊಂದು ಸಾಲಿಗೂ ನನ್ನ ಸಹಿ ಬೇಕು. ನನಗೆ ಕೆಲಸ ಕಡಿಮೆ ಇದೆ ಅಂತ ಅವರಿಗೆ ಯಾರು ಹೇಳಿದರೋ.

ಕಾವಲುಗಾರನನ್ನು ಓದಿದೆ. ಸಹಿ ಹಾಕಿಲ್ಲ. ಮೂವತ್ತೆರಡನೇ ಸಾಲು ನೋಡು. ಒಂದೇ ಡ್ರೈವರ್ ಎರಡು ಸಲ 'ಸಾಕು' ಅಂದರೆ ಎಣಿಕೆಯಿಂದ ಎರಡು ಹೋಗುತ್ತದೆ. ಇನ್ನೊಬ್ಬರಿಗೆ ಬೇಕಿದ್ದರೂ ಪಿನ್ ಇಳಿಯುತ್ತದೆ. ಅಂದರೆ ಅದೇ ತಪ್ಪನ್ನು ಈ ಸಲ ಹೆಚ್ಚು ಮರ್ಯಾದೆಯಿಂದ ಮಾಡಿದ್ದೀಯ. ಎಷ್ಟು ಜನಕ್ಕೆ ಬೇಕು ಅನ್ನೋದಲ್ಲ, ಯಾರಿಗೆ ಬೇಕು ಅಂತ ಬರೆದಿಡಬೇಕು. ತಿದ್ದಿ ಕಳಿಸು. ಅದು ಸರಿಯಾಗುವ ತನಕ ಹಳೇ ಮಾನಿಟರುಗಳನ್ನು ಒಯ್ಯಬೇಡಿ ಅಂತ ಆಸ್ಪತ್ರೆಗೆ ನಾನೇ ಬರೆದುಕೊಟ್ಟಿದ್ದೇನೆ. ಏಪ್ರಿಲ್ ಕೊನೆಗೆ ಹೋಗುತ್ತವೆ.

ಇವತ್ತು ಮಧ್ಯಾಹ್ನ ಏಳನೇ ಹಾಸಿಗೆಯ ಅಣವೀರಪ್ಪ ಅನ್ನುವವರ ಅಲಾರಂ ಕೂಗಿತು. ಬೆಳಿಗ್ಗೆಯಿಂದ ಯಾರೂ ಮುಟ್ಟದ ಮಾನಿಟರ್. ಹಳೆಯದಕ್ಕಿಂತ ಒಂದು ಉಸಿರಿನಷ್ಟು ಮೊದಲು ನಮ್ಮದೇ ಕೂಗಿತು. ಶೀಲಾವತಿ ಸಿಸ್ಟರ್ ವಾರ್ಡಿನ ಆ ತುದಿಯಿಂದ ಓಡಿ ಬಂದರು. ನಾನೂ ಓಡಿದೆ. ನೋಡಿದರೆ ಆ ಹಿರಿಯರು ಎದೆಯ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾರೆ.

"ತುರಿಸ್ತಿತ್ರೀ."

"ತುರಿಸಿದ್ರ ಕರೀಬೇಕ್ರಿ ಯಜಮಾನ್ರ. ನನ್ನ ಜೀವಾನ ಬಾಯಿಗೆ ಬಂದಿತ್ತಲ್ರಿ."

ಸಿಸ್ಟರ್ ಬೈಯುತ್ತಲೇ ವೈರು ಅಂಟಿಸಿದರು. ಅಂಟಿಸಿ, ಅಲಾರಂ ಬಂದ್ ಮಾಡಲು ಮಾನಿಟರಿನ ಕಡೆ ಕೈ ಚಾಚಿದರು. ನಾನು ಅವರ ಕೈ ಹಿಡಿದು, ಇನ್ನೊಂದು ಕ್ಷಣ ಕೂಗಲಿ ಸಿಸ್ಟರ್ ಅಂದೆ.

ಶಿವಕುಮಾರಿ